ಮೇಡಂ, ನೀವು ಲೀಡ್ ಮಾಡಬಾರದು!

ಡ್ಯಾನ್ಸ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದೇ ನಾನು ನಂಬಿದ್ದೆ. ದಾವಣಗೆರೆಯಲ್ಲಿ ಹೈಸ್ಕೂಲು ಮುಟ್ಟುವವರೆಗೆ ಭರತನಾಟ್ಯ ಕಲಿತವಳು. ಈಗ ದಿಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ನಾನು ಕನ್ನಡಕ ತೆಗೆದು ನೋಡಿದರೆ ಸಾಕು, ಇಡೀ ಸೆಕ್ಷನ್ ಕುಣಿಯುತ್ತದೆ. ಹಾಗಿರುವಾಗ ನಾನೊಬ್ಬಳು ಕುಣಿಯುವುದು ಏನು ಮಹಾ!

ಕಿಡಿ ಹಚ್ಚಿದವರು ಕೆಳಗಿನ ಫ್ಲಾಟಿನ ಮಿಸೆಸ್ ಚಾವ್ಲಾ. ವಸಂತ್ ಕುಂಜ್‌ನ ನಮ್ಮ ಕಾಲೊನಿಯಲ್ಲಿ ಯಾರದೋ ಮದುವೆಯ ಸಂಗೀತ್ ನಡೆದಿತ್ತು. ಎಲ್ಲರೂ ಕುಣಿಯುತ್ತಿದ್ದರು, ನಾನು ಎಲ್ಲರ ಪರ್ಸು ಕಾಯುತ್ತ ಕೂತಿದ್ದೆ. ಆಕೆ ಬೆವರು ಒರೆಸಿಕೊಳ್ಳುತ್ತ ಬಂದು, "ನೀವು ಸೌತ್‌ನವರು ಎಷ್ಟು ಶಾಂತ ಜನ! ಎಷ್ಟು ಚೆನ್ನಾಗಿ ಕೂತ್ಕೋತೀರಿ!" ಅಂದರು.

ಕೂತ್ಕೋತೀರಿ! ಮೈಯೆಲ್ಲ ಉರಿದುಹೋಯಿತು. ಮರುದಿನವೇ ಮುನಿರ್ಕಾದ ಒಂದು ಜಿಮ್ಮಿನ ಮೇಲಿದ್ದ ಸಾಲ್ಸಾ ಕ್ಲಾಸಿಗೆ ಸೇರಿದೆ. ಜೋಡಿ ಬೇಕು ಅಂದರು. ಯಜಮಾನರನ್ನೂ ಸೇರಿಸಿದೆ. ಅವರು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಅವರ ಒಪ್ಪಿಗೆ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಸಾಲ್ಸಾ ಕಲಿಸುವ ಹುಡುಗನ ಹೆಸರು ರಾಕಿ. ತಲೆಯ ಮೇಲೊಂದು ಪುಟ್ಟ ಜುಟ್ಟು. ಮೊದಲ ದಿನವೇ ನನ್ನ ಕೈ ನೋಡಿ, "ಮೇಡಂ, ಬಳೆ ತೆಗೆದುಬಿಡಿ, ಸಿಕ್ಕಿಹಾಕಿಕೊಳ್ಳುತ್ತೆ" ಅಂದ.

"ಗಂಡನ ಪಕ್ಕ ನಿಂತವಳಿಗೆ ಬಳೆ ತೆಗಿ ಅಂತೀಯಲ್ಲ, ಬುದ್ಧಿ ಇದೆಯಾ?" ಎಂದು ಗದರಿದೆ. ಬಳೆ ಕೈಯಲ್ಲೇ ಉಳಿಯಿತು.

ಆಮೇಲೆ ಎಣಿಕೆ ಶುರುವಾಯಿತು. "ಒನ್, ಟೂ, ಥ್ರೀ... ಫೈವ್, ಸಿಕ್ಸ್, ಸೆವೆನ್!"

"ನಿಲ್ಲಪ್ಪಾ," ಅಂದೆ. "ನಾಲ್ಕು ಎಲ್ಲಿ ಹೋಯಿತು?"

"ಫೋರ್‌ನಲ್ಲಿ ಸುಮ್ಮನಿರಬೇಕು ಮೇಡಂ."

"ಎಂಟು?"

"ಅಲ್ಲೂ ಸುಮ್ಮನಿರಬೇಕು."

ಸುಮ್ಮನಿರುವುದಾ! ನನ್ನ ಸೆಕ್ಷನ್ನಿನ ಕಡತದಲ್ಲಿ ಹೀಗೆ ಎರಡು ಪುಟ ಮಾಯವಾಗಿದ್ದರೆ ವಿಚಾರಣೆ ನಡೆಸುತ್ತಿದ್ದೆ. ನಾನು ನಾಲ್ಕಕ್ಕೂ ಒಂದು ಹೆಜ್ಜೆ ಹಾಕಿದೆ, ಎಂಟಕ್ಕೂ ಹಾಕಿದೆ. ಎರಡೂ ಯಜಮಾನರ ಪಾದದ ಮೇಲೆ ಬಿದ್ದವು.

ಅದಕ್ಕಿಂತ ದೊಡ್ಡ ಅವಮಾನ ಮುಂದಿತ್ತು. ಈ ಕುಣಿತದಲ್ಲಿ ಗಂಡಸು ದಾರಿ ತೋರಿಸಬೇಕಂತೆ, ಹೆಂಗಸು ಹಿಂಬಾಲಿಸಬೇಕಂತೆ! ಅವನು ಕೈ ಎತ್ತಿದರೆ ತಿರುಗಬೇಕು, ಬೆನ್ನು ಒತ್ತಿದರೆ ಸರಿಯಬೇಕು. ಗೋಡೆಯ ತುಂಬ ಕನ್ನಡಿ. ಎತ್ತ ನೋಡಿದರೂ ಕೆಂಪಗಾದ ನನ್ನದೇ ಮುಖ. "ಮೇಡಂ, ನೀವು ಲೀಡ್ ಮಾಡಬಾರದು, ಫಾಲೋ ಮಾಡಿ!" ಎಂದು ರಾಕಿ ಕೂಗುವುದು, ನಾನು ಹಲ್ಲು ಕಡಿಯುವುದು, ಇದೇ ಆಯಿತು.

ಜೋಡಿ ಬದಲಿಸಿ ಅಂದಾಗ ನನಗೊಬ್ಬ ಬ್ಯಾಂಕ್ ಮ್ಯಾನೇಜರ್ ಸಿಕ್ಕಿದರು. ಅವರು ಎಡಕ್ಕೆ ಎಳೆದರು. ನನಗೆ ಬಲವೇ ಸರಿ ಅನ್ನಿಸಿತು. ನಾನೂ ಎಳೆದೆ. ಪಾಪ, ಕೂತುಬಿಟ್ಟರು. ಕುರ್ಚಿಯ ಮೇಲಲ್ಲ!

ಇನ್ನೊಂದು ಕಡೆ ಯಜಮಾನರ ಜೊತೆ ಕುಣಿಯಲು ಹೆಂಗಸರು ಸಾಲು ನಿಂತಿದ್ದರು. "ಸರ್ ಎಷ್ಟು ಹಗುರ!" ಅನ್ನುತ್ತಿದ್ದರು. ಸಂಜೆ ಮಗಳು ಅನ್ವಿ ಹತ್ತಿರ ಹೇಳಿಕೊಂಡು ಕೂಗಾಡಿದೆ.

"ಚಿಲ್ ಮಾಡು ಅಮ್ಮಾ. ಪಪ್ಪಾ ತೋ ನ್ಯಾಚುರಲ್ ಹೈ," ಅಂದಳು.

"ಹಗುರ ಇರೋದು ಕೆಲಸ ಮಾಡದೆ!" ಅಂದೆ. ಅವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಪಾದ ಮಾತ್ರ ಒನ್, ಟೂ, ಥ್ರೀ ಅನ್ನುತ್ತಿತ್ತು. ಇನ್ನೂ ಉರಿಯಿತು.

ಕೋರ್ಸಿನ ಕೊನೆಗೊಂದು ಪಾರ್ಟಿ. ಪ್ರತಿ ಜೋಡಿಯೂ ಕುಣಿಯಬೇಕು. ಬುದ್ಧಿವಂತರು ಯಾರನ್ನೂ ಕರೆಯುತ್ತಿರಲಿಲ್ಲ. ನಾನು ಮಿಸೆಸ್ ಚಾವ್ಲಾರನ್ನು ಕರೆದೆ, ನಮ್ಮ ಕನ್ನಡ ಬಳಗದ ಹೆಂಗಸರನ್ನೆಲ್ಲ ಕರೆದೆ, ಮುಂದಿನ ಸಾಲಿನಲ್ಲೇ ಕೂರಿಸಿದೆ. ಕಡು ಚಳಿ. ಯಜಮಾನರು ನಾನೇ ಹೆಣೆದ ನೀಲಿ ಸ್ವೆಟರ್ ಹಾಕಿದ್ದರು.

ಹಾಡು ಶುರುವಾಯಿತು. ಒಂದು ಸುತ್ತು ಹೇಗೋ ಮುಗಿಯಿತು. ಆಮೇಲೆ ಯಜಮಾನರು ನನ್ನನ್ನು ಬಲಕ್ಕೆ ತಿರುಗಿಸಲು ಕೈ ಎತ್ತಿದರು. ನಾನು ಸ್ವಂತ ವಿವೇಚನೆಯಿಂದ ಎಡಕ್ಕೆ ತಿರುಗಿದೆ. ಕೈಗಳು ಹೆಣೆದುಕೊಂಡವು. ನನ್ನ ಕೆತ್ತನೆಯ ಬಳೆ ಅವರ ಸ್ವೆಟರಿನ ಕಂಕುಳಲ್ಲಿ ಕಚ್ಚಿಕೊಂಡಿತು. ನನ್ನ ತಲೆಯೂ ಅಲ್ಲೇ ಹೋಗಿ ಸಿಕ್ಕಿಕೊಂಡಿತು.

"ಬಿಡ್ರೀ!" ಅಂದೆ ಪಿಸುದನಿಯಲ್ಲಿ.

"ನಾನು ಹಿಡಿದಿಲ್ಲ ಕಣೇ, ನೀನೇ ಸಿಕ್ಕಿಕೊಂಡಿದ್ದೀಯ. ಎಳೀಬೇಡ!"

ಎಳೆದೆ. ಸ್ವೆಟರ್ ಬಿಚ್ಚತೊಡಗಿತು. ಅವರು ಕುಣಿತ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮರ್ಯಾದೆ ಹೋಗುತ್ತದೆ ಅಂತ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಲೇ ಇದ್ದರು. ಅವರ ಕಂಕುಳಲ್ಲಿ ನಾನು! ಜನ ಇದನ್ನು ಹೊಸ ಸ್ಟೆಪ್ ಅಂದುಕೊಂಡು ಚಪ್ಪಾಳೆ ತಟ್ಟಿದರು. ನೀಲಿ ದಾರ ಇಬ್ಬರ ಕಾಲಿಗೂ ಸುತ್ತಿಕೊಂಡಿತು. ನಾವು ತಿರುಗಿ ತಿರುಗಿ ಮೂಲೆಯ ಸ್ಪೀಕರಿಗೆ ಹೋಗಿ ಬಡಿದೆವು. ಹಾಡು ಥಟ್ಟನೆ ನಿಂತಿತು.

ಹಾಡು ನಿಂತದ್ದು ನನ್ನ ಬಾಯಿಗೆ ಗೊತ್ತಾಗಲಿಲ್ಲ.

"ಮದುವೆ ಆದಾಗಿನಿಂದ ಒಂದು ಕೆಲಸ, ಒಂದೇ ಒಂದು ಕೆಲಸ ನಾನು ಹೇಳಿದ ಹಾಗೆ ಮಾಡಿದ್ದೀರಾ? ನಿಮ್ಮನ್ನು ಕಟ್ಟಿಕೊಂಡು ಕುಣಿಯೋ ಬದಲು ಆ ಕಂಬ ಕಟ್ಟಿಕೊಂಡು ಕುಣೀಬಹುದಿತ್ತು!"

ಮಿಸೆಸ್ ಚಾವ್ಲಾ ಪಕ್ಕದವರನ್ನು, "ಏನಂದ್ರು?" ಎಂದು ಕೇಳಿದರು. ನಮ್ಮ ಬಳಗದವರು ಪದಶಃ ಅನುವಾದ ಮಾಡಿ ಹೇಳಿದರು. ಅಷ್ಟು ನಿಷ್ಠೆಯಿಂದ ಅವರು ಬೇರೆ ಯಾವ ಸೇವೆಯನ್ನೂ ಮಾಡಿದ್ದು ನಾನು ಕಂಡಿಲ್ಲ. ಅನ್ವಿ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದಳು.

ರಾಕಿ ಕತ್ತರಿ ತಂದು ನಮ್ಮನ್ನು ಬಿಡಿಸಿದ. ಯಜಮಾನರಿಗೆ ಒಂದು ತೋಳಷ್ಟೇ ಉಳಿದಿತ್ತು, ಸ್ವೆಟರಿನದು. ನನ್ನ ಮುಖ ಹೇಗಿತ್ತೋ, ಯಾರೂ ಹತ್ತಿರ ಬರಲಿಲ್ಲ. ಆ ರಾಕಿ ಮಾತ್ರ ಕಣ್ಣರಳಿಸಿ ಹೇಳಿದ:

"ಮೇಡಂ, ಇವತ್ತು ಮೊದಲ ಸಲ ನೀವು ನಿಜವಾಗಿ ಫಾಲೋ ಮಾಡಿದಿರಿ! ಬ್ಯೂಟಿಫುಲ್!"

ಅಷ್ಟರಲ್ಲಿ ಯಾರೋ ಸ್ಪೀಕರ್ ಸರಿಮಾಡಿ ಮುಂದಿನ ಜೋಡಿಗೆ ಹಾಡು ಹಾಕಿದರು. ನಾನು ರೋಷದಿಂದ ನೆಲಕ್ಕೆ ಕಾಲು ಅಪ್ಪಳಿಸಿದೆ. ಢಬ್ ಎಂದು ಹಾಡಿನ ಡೋಲೂ ಅದೇ ಗಳಿಗೆಗೆ ಬಡಿಯಿತು.

"ವಾಹ್, ಟೈಮಿಂಗ್!" ಎಂದು ರಾಕಿ ಕುಣಿದಾಡಿದ.

ಇಡೀ ಕೋರ್ಸಿನಲ್ಲಿ ತಾಳಕ್ಕೆ ಸರಿಯಾಗಿ ಬಿದ್ದ ನನ್ನ ಹೆಜ್ಜೆ ಅದೊಂದೇ. ಅದೂ ಬೇರೆಯವರ ಹಾಡಿಗೆ!