ಶರಾವತಿ ಎನ್‌ಕ್ಲೇವ್ ಸಣ್ಣ ಊರಾದ ಬಗೆ

ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ ಆಗಸ್ಟ್ ಹದಿನಾರು, ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ, ಏಳನೇ ತರಗತಿಯ ಲೆಕ್ಕದ ಪೀರಿಯಡ್ಡಿನ ನಡುವೆ ನಾನು ಮೊದಲ ಸಲ ಎದ್ದು ಹೋದೆ. ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ಕಿಟಕಿಯಾಚೆ, ಪೆರಂಬೂರಿನ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಒಂದು ಗೂಡ್ಸ್ ಗಾಡಿ ನಿಂತಿತ್ತು. ಅದು ಎಲ್ಲಿಗೆ ಹೋಗುತ್ತದೆ ಅಂತ ಮೇಷ್ಟರನ್ನು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಅರಕ್ಕೋಣಕ್ಕೆ ಹೋಗುತ್ತಿತ್ತು. ಆಮೇಲಿನ ಇಪ್ಪತ್ತೈದು ವರ್ಷವೂ ಹೆಚ್ಚುಕಡಿಮೆ ಹಾಗೇ ಕಳೆಯಿತು.

ಈ ವರದಿಗೆ ಸಂಬಂಧಪಟ್ಟ ಘಟನೆಗಳು ನಡೆದದ್ದು ಚೆನ್ನೈ ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರಂನ ಶರಾವತಿ ಎನ್‌ಕ್ಲೇವ್ ಎಂಬ ವಸತಿ ಸಮುಚ್ಚಯದಲ್ಲಿ. ನಲವತ್ತೆಂಟು ಮನೆ. ಬಹುಪಾಲು ಕನ್ನಡದವರು, ರೈಲ್ವೆ, ಬ್ಯಾಂಕು, ವಿಮೆ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು, ಮತ್ತು ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ಅವರ ಮಕ್ಕಳು. ನಾನು ಎಂಟು ತಿಂಗಳಿಂದ ಅಲ್ಲಿನ ಪಂಪ್ ರೂಮಿನಲ್ಲಿ ಮಲಗುತ್ತಿದ್ದೆ. ತಿಂಗಳಿಗೊಮ್ಮೆ ಮನೆಮನೆಯ ನೀರಿನ ಮೀಟರ್ ಓದುತ್ತಿದ್ದೆ. ದಿನಾ ಬೆಳಿಗ್ಗೆ ಗೇಟಿನ ಪಕ್ಕದ ಕಲಾವತಮ್ಮನ ಇಡ್ಲಿ ಅಂಗಡಿಗೆ ಹಿಟ್ಟು ರುಬ್ಬಿಕೊಡುತ್ತಿದ್ದೆ. ಕಲಾವತಮ್ಮ ಹೊಸೂರು ಕಡೆಯವರು. ತಗಡಿನ ಮಾಡು, ಎರಡು ಬೆಂಚು, ಹತ್ತೊಂಬತ್ತು ವರ್ಷ. ಆ ಅಂಗಡಿ ಬಿಟ್ಟರೆ ಅವರಿಗೆ ಬೇರೆ ಏನೂ ಇರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ.

ನಿವಾಸಿಗಳ ಸಂಘದ ಕಾರ್ಯದರ್ಶಿ ಶಂಕರನಾರಾಯಣ ಅವರ ಮಗಳು ನಿಖಿತಾ ಶೋಳಿಂಗನಲ್ಲೂರಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಒಂದು ಭಾನುವಾರ ಸಭಾಂಗಣದ ಗೋಡೆಯ ಮೇಲೆ ಕೆನಡಾ ದೇಶದ ಒಂದು ಹಾಸ್ಯ ಧಾರಾವಾಹಿ ಹಾಕಿದಳು. ಅದರಲ್ಲಿ ಒಂದು ಸಣ್ಣ ಊರು. ಸುತ್ತ ಹಿಮ. ಒಂದು ಪೆಟ್ರೋಲ್ ಬಂಕು, ಅದಕ್ಕೆ ಅಂಟಿದ ಒಂದು ಅಂಗಡಿ. ಪೊಲೀಸಿನವನಿಗೆ ಕೆಲಸವಿಲ್ಲದ ಕಾರಣ ಅವನೂ ಅಂಗಡಿಯಲ್ಲೇ ಕೂತಿರುತ್ತಾನೆ. ಒಬ್ಬನ ಏಣಿಯನ್ನು ಇನ್ನೊಬ್ಬ ಕೇಳಿ ತೆಗೆದುಕೊಂಡು ಹೋದದ್ದೇ ಒಂದು ಕಂತು. ಇಪ್ಪತ್ತೆರಡು ನಿಮಿಷದಲ್ಲಿ ಜಗಳ ಮುಗಿದು ಎಲ್ಲರೂ ಒಂದೇ ಮೇಜಿಗೆ ಬರುತ್ತಾರೆ. ಯಾರೂ ಕೆಟ್ಟವರಲ್ಲ. ಕಾಲು ತುಳಿದವನಿಗಿಂತ ಮೊದಲು ತುಳಿಸಿಕೊಂಡವನು ಕ್ಷಮೆ ಕೇಳುತ್ತಾನೆ.

ಶರಾವತಿ ಎನ್‌ಕ್ಲೇವಿನವರು ಇದಕ್ಕೆ ಮನಸೋತರು. ಕಾರಣ ಸರಳ. ನಮ್ಮ ತಲೆಯ ಮೇಲೆ ಐದು ನಿಮಿಷಕ್ಕೊಂದು ವಿಮಾನ ಹೋಗುತ್ತದೆ. ಬೇರೆ ಧಾರಾವಾಹಿಯಾದರೆ ಒಂದು ವಿಮಾನ ಹೋಗುವಷ್ಟರಲ್ಲಿ ಸೊಸೆ ವಿಷ ಕುಡಿದು, ಆಸ್ಪತ್ರೆ ಸೇರಿ, ಗುಣವಾಗಿ ಬಂದಿರುತ್ತಾಳೆ. ಇದರಲ್ಲಿ ಎಷ್ಟು ವಿಮಾನ ಹೋದರೂ ಕಥೆ ತಪ್ಪುವುದಿಲ್ಲ, ಏಕೆಂದರೆ ಕಥೆಯೇ ನಡೆಯುವುದಿಲ್ಲ.

"ನಮ್ಮಲ್ಲಿ ಯಾಕೆ ಹಿಂಗಿಲ್ಲ?" ಅಂತ ಸಂಘದ ಅಧ್ಯಕ್ಷ ಕಮಲಾಕರ ಅವರು ಆರನೇ ಕಂತಿನ ಕೊನೆಗೆ ಕೇಳಿದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಮಾತು ಕಡಿಮೆ.

ಮರುವಾರ ಸರ್ವಸದಸ್ಯರ ಸಭೆ ಕೆಳಕಂಡ ನಿರ್ಣಯ ಅಂಗೀಕರಿಸಿತು. ಇನ್ನು ಮುಂದೆ ಸಮುಚ್ಚಯವನ್ನು ಸಣ್ಣ ಊರು ಎಂದು ಭಾವಿಸತಕ್ಕದ್ದು. ಲಿಫ್ಟಿನಲ್ಲಿ ಎದುರಾದವರು ಹವಾಮಾನದ ಬಗ್ಗೆ ಮಾತಾಡತಕ್ಕದ್ದು. ಹವಾಮಾನ ಎಂದರೆ ಚಳಿ ಎಂದು ತಿಳಿಯತಕ್ಕದ್ದು. ಯಾವುದೇ ಜಗಳ ಇಪ್ಪತ್ತೆರಡು ನಿಮಿಷ ಮೀರತಕ್ಕದ್ದಲ್ಲ. ಮೀರಿದಲ್ಲಿ ಉಳಿದ ಭಾಗವನ್ನು ಮುಂದಿನ ಭಾನುವಾರ ಆಡತಕ್ಕದ್ದು. ಮತ್ತು ಊರಿನವರೆಲ್ಲ ಸೇರಿ ಕೂರಲು ಒಂದು ಅಂಗಡಿ ಇರತಕ್ಕದ್ದು.

ಆ ಅಂಗಡಿಗೆ ಸ್ಥಳ ಹುಡುಕಲು ಸಮಿತಿ ರಚನೆಯಾಯಿತು. ಸಮಿತಿಯವರು ಸತತ ನಾಲ್ಕು ದಿನ ಬೆಳಿಗ್ಗೆ ಕಲಾವತಮ್ಮನ ಬೆಂಚಿನ ಮೇಲೆ ಕೂತು, ಇಡ್ಲಿ ತಿನ್ನುತ್ತಾ, ಜನ ಸೇರಿ ಕೂರುವಂಥ ಜಾಗ ಇಲ್ಲೆಲ್ಲಾದರೂ ಸಿಕ್ಕೀತೇ ಎಂದು ಚರ್ಚಿಸಿದರು. ಹೋಗಿಬರುವ ನಿವಾಸಿಗಳೂ ಕೂತು ಸಲಹೆ ಕೊಟ್ಟರು. ಜಾಗ ಸಾಲದೆ ಕೆಲವರು ನಿಂತೇ ಕೊಟ್ಟರು. ಐದನೇ ದಿನ ಶಂಕರನಾರಾಯಣ ಅವರು ಕೈ ತೊಳೆದು ಬಂದು ನಿಂತರು.

"ಕಲಾವತಮ್ಮಾ, ಬೇಜಾರು ಮಾಡ್ಕೋಬಾರದು. ಜಾಗ ಸಿಕ್ತು. ಇದೇ ಜಾಗ. ನಿಮ್ಮ ಅಂಗಡಿ ತೆಗೀಬೇಕಾಗುತ್ತೆ."

"ಯಾಕೆ ಸಾರ್?"

"ಎಲ್ಲರೂ ಬಂದು ಕೂರೋ ಅಂಗಡಿ ಕಟ್ತಾ ಇದೀವಿ."

"ಈಗ ಎಲ್ಲರೂ ಬಂದು ಎಲ್ಲಿ ಕೂತಿದೀರಾ?"

"ಇದು ತಿಂಡಿಗೆ ಕೂರೋದಮ್ಮ. ಅದು ಸಮುದಾಯಕ್ಕೆ."

ಕಲಾವತಮ್ಮ ಸಾಂಬಾರಿನ ಸೌಟು ಕೆಳಗಿಡಲಿಲ್ಲ. "ಹೊಸ ಅಂಗಡೀಲಿ ಕೆಲಸಕ್ಕೆ ಯಾರು?" ಅಂದರು.

"ಅರ್ಜಿ ಹಾಕಿ. ಪರೀಕ್ಷೆ ಇರುತ್ತೆ. ನೀವು ಪಾಸಾಗದೇ ಇನ್ಯಾರು ಆಗ್ತಾರೆ?"

ಪ್ರಕಟಣೆ ಲಿಫ್ಟಿನ ಪಕ್ಕ ಅಂಟಿತು. ಹುದ್ದೆ: ಊರಿನ ಪ್ರತಿಯೊಬ್ಬರನ್ನೂ ಬಲ್ಲ ಅಂಗಡಿಯವರು. ಅರ್ಹತೆ: ಬಲ್ಲೆನೆಂದು ಸಾಬೀತುಪಡಿಸುವುದು. ಕನಿಷ್ಠ ಇಬ್ಬರು ಅಭ್ಯರ್ಥಿಗಳಿಲ್ಲದಿದ್ದರೆ ಪರೀಕ್ಷೆ ಅಸಿಂಧು. ಬೇರೆ ಯಾರೂ ಅರ್ಜಿ ಹಾಕಲಿಲ್ಲ. ಕಡೆಗೆ ಕಲಾವತಮ್ಮ ನನಗೆ ಹೇಳಿದರು, "ನೀನೂ ಒಂದು ಹಾಕಪ್ಪ ರಘುರಾಮ. ಹೋಗಿ ಸುಮ್ನೆ ಕೂತ್ಕೊಂಡು ಬಾ."

ಪರೀಕ್ಷೆ ಸಭಾಂಗಣದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಮೇಜಿನ ಆಚೆ ಕಾರ್ಯದರ್ಶಿ, ಅಧ್ಯಕ್ಷರು, ಮತ್ತು ಸಮಯ ನೋಡಲು ನಿಖಿತಾ. ನಲವತ್ತೆಂಟು ಮನೆ, ನಲವತ್ತೆಂಟು ಪ್ರಶ್ನೆ. ಮೊದಲು ಕಲಾವತಮ್ಮ ಕೂತರು.

"ಫ್ಲ್ಯಾಟ್ ಸಂಖ್ಯೆ ಇನ್ನೂರ ಮೂರು," ಅಂದರು ಶಂಕರನಾರಾಯಣ. "ನಿವಾಸಿ ಯಾರು?"

"ನಂಬರ್ ಎಲ್ಲಾ ತೆರಿಯಾದು, ಗೊತ್ತಿಲ್ಲ ಸಾರ್. ಆಳನ್ನ ಎದುರಿಗೆ ನಿಲ್ಸಿ, ಹೇಳ್ತೀನಿ."

"ನಿಲ್ಲಿಸೋಕೆ ನಿಯಮದಲ್ಲಿ ಅವಕಾಶ ಇಲ್ಲ. ಸರಿ ಉತ್ತರ, ಕಮಲಾಕರ."

"ಅದ್ಯಾರು ಕಮಲಾಕರ?"

"ನಾನೇ," ಅಂದರು ಅಧ್ಯಕ್ಷರು, ಎರಡು ಮೊಳ ದೂರದಿಂದ.

"ಅಯ್ಯೋ, ನೀವಾ." ಕಲಾವತಮ್ಮ ಕುರ್ಚಿಯಲ್ಲಿ ಮುಂದೆ ಸರಿದರು. "ನಾನು ನಿಮ್ಮನ್ನ ಒಂದು ಇಡ್ಲಿ ಬಿಡೋರು ಅಂತ್ಲೇ ಇಟ್ಕೊಂಡಿದೀನಿ. ಮನೆಯವರು ಹೋದಾಗಿಂದ ಎರಡು ಕೇಳ್ತೀರಿ, ಒಂದು ತಿಂತೀರಿ. ಅದಕ್ಕೇ ತಟ್ಟೆಗೆ ಒಂದೇ ಹಾಕಿ, ಇನ್ನೊಂದು ಬಿಸಿಯಾಗಿ ಒಳಗೆ ಇಟ್ಟಿರ್ತೀನಿ. ಆಡಿ ತಿಂಗಳಲ್ಲಿ ಒಂದಿನ ಅದನ್ನೂ ಕೇಳಿದ್ರಿ. ನಂಗೆ ಖುಷಿಯಾಯ್ತು."

ಕಮಲಾಕರ ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅಂಕಪಟ್ಟಿಯಲ್ಲಿ "ಹೆಸರು ತಿಳಿದಿಲ್ಲ, ಸೊನ್ನೆ" ಎಂದು ಬರೆದರು. ಅವರು ನಿಯಮಕ್ಕೆ ಬದ್ಧರಾದ ಮನುಷ್ಯ.

ಉಳಿದದ್ದೂ ಹೀಗೇ. ಗುರುವಾರ ಈರುಳ್ಳಿ ಮುಟ್ಟದವರು, ಸಕ್ಕರೆ ಕಾಯಿಲೆ ಮುಚ್ಚಿಟ್ಟು ಕೇಸರಿಬಾತ್ ಕೇಳುವವರು, ಜಗಳವಾದ ದಿನ ಪಾರ್ಸೆಲ್ ಒಂದೇ ಒಯ್ಯುವವರು, ಎಲ್ಲರನ್ನೂ ಅವರು ಬಲ್ಲರು. ರಿಜಿಸ್ಟರಿನ ಪ್ರಕಾರ ಒಬ್ಬರನ್ನೂ ಅರಿಯರು. ಕೊನೆಗೆ ಒಂದೇ ಒಂದು ಅಂಕ ಬಂತು, ಅದು ಕಾರ್ಯದರ್ಶಿಗಳ ಹೆಸರಿಗೆ. ಅವರು ಚಟ್ನಿ ಕೇಳುವಾಗಲೂ ತಮ್ಮ ಹೆಸರು ಹೇಳಿಯೇ ಕೇಳುತ್ತಿದ್ದರು.

ಆಮೇಲೆ ನಾನು ಕೂತೆ. ಪ್ರತಿ ಮೀಟರಿನ ಮೇಲೂ ಮನೆಯ ನಂಬರು, ಯಜಮಾನರ ಹೆಸರು ಬಣ್ಣದಲ್ಲಿ ಬರೆದಿದೆ. ಆ ಜನರ ಮುಖ ನನಗೆ ಅಷ್ಟಕ್ಕಷ್ಟೆ. ಬೇಕೆಂದೇ ತಪ್ಪು ಹೇಳಬಹುದಿತ್ತು. ಹೇಳಬೇಕು ಅಂತಲೇ ಹೋಗಿದ್ದೆ. ಆದರೆ ಏಳನೇ ತರಗತಿಯ ನಂತರ ನನ್ನನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲ. ಮೊದಲನೆಯದಕ್ಕೆ ಸರಿ ಉತ್ತರ ಬಾಯಿಂದ ಬಂದುಬಿಟ್ಟಿತು. ನಿಖಿತಾ "ಸೂಪರ್ ಅಣ್ಣಾ" ಅಂದಳು. ಎರಡನೆಯದೂ ಬಂತು. ನಲವತ್ತೆಂಟಕ್ಕೆ ನಲವತ್ತೆಂಟು.

ಮರುದಿನ ಕಲಾವತಮ್ಮ ನನ್ನ ಮುಂದೆ ಕೊಡ ಇಟ್ಟರು. "ಏನಪ್ಪಾ ಫಸ್ಟ್ ಕ್ಲಾಸು, ಒಂದು ಕೊಡ ನೀರು ತುಂಬ್ಸು," ಅಂದರು. ತುಂಬಿಸಿದೆ. ಆ ವಾರ ತಗಡು ಇಳಿಯಿತು.

ಹೊಸ ಅಂಗಡಿ ಇಪ್ಪತ್ತು ದಿನದಲ್ಲಿ ಎದ್ದಿತು. ಮರದ ಹಲಗೆಯಂತೆ ಕಾಣುವ ಸಿಮೆಂಟು ಗೋಡೆ, ಹತ್ತಿಯ ಹಿಮ, ನಾಲ್ಕು ಪೈನ್ ಮರ. ಮರ ಒದಗಿಸಿದವರು ಕಾರ್ಯದರ್ಶಿಗಳ ಭಾಮೈದ. ಅವರದು ಮದುವೆ ಮಂಟಪದ ಅಲಂಕಾರದ ವೃತ್ತಿಯಾದ್ದರಿಂದ ಪ್ರತಿ ಪೈನ್ ಮರದಲ್ಲೂ ಒಂದು ಬಾಳೆಗೊನೆ ಇತ್ತು. ಬಾಗಿಲ ಮೇಲೆ ಫಲಕ: ಅಂಗಡಿಯವರು, ರಘುರಾಮ. ನೇಮಕಾತಿ ಆದೇಶದ ಪ್ರಕಾರ ನಾನು ಉಣ್ಣೆಯ ಟೋಪಿ ಧರಿಸತಕ್ಕದ್ದು, ಈ ಊರಿನಲ್ಲೇ ಹುಟ್ಟಿ ಬೆಳೆದವನೆಂದು ತಿಳಿಯತಕ್ಕದ್ದು.

ಮೊದಲ ದಿನ ಎಲ್ಲರೂ ಬಂದು ಕೂತರು. "ಏನು ಚಳಿ ರಘುರಾಮ," ಅಂದರು. ಹೊರಗೆ ಮೇ ತಿಂಗಳು. ನಾನು ಅವರವರ ಹೆಸರು, ಮನೆ ನಂಬರು ಹೇಳಿ ಸ್ವಾಗತಿಸಿದೆ. ಆಮೇಲೆ ಯಾರಿಗೆ ಏನು ಕೊಡಬೇಕು ಅಂತ ಗೊತ್ತಾಗಲಿಲ್ಲ. ಅವರೂ ಬಿಡಿಸಿ ಹೇಳಲಿಲ್ಲ; ಹತ್ತೊಂಬತ್ತು ವರ್ಷದಿಂದ ಬಿಡಿಸಿ ಹೇಳಿ ಅಭ್ಯಾಸವಿರಲಿಲ್ಲ. ಇಪ್ಪತ್ತೆರಡು ನಿಮಿಷ ಹಾಗೇ ಕೂತು ಎದ್ದುಹೋದರು. ಗೇಟಿನ ಹೊರಗೆ, ಬೆಂಚು ಇಲ್ಲದ ಜಾಗದಲ್ಲಿ, ಕಲಾವತಮ್ಮ ಪಾತ್ರೆಗಳ ಮೂಟೆ ಇಟ್ಟುಕೊಂಡು ಹೊಸೂರಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಯಾರನ್ನೋ ವಿಚಾರಿಸುತ್ತಿದ್ದರು. ನನಗೆ ಆದೇಶವನ್ನು ಇನ್ನೊಮ್ಮೆ ಓದಬೇಕು ಅನ್ನಿಸಿತು.

ಒಂಬತ್ತನೇ ಕಲಮು ಹೀಗಿತ್ತು: ಹುದ್ದೆಯಲ್ಲಿರುವವರು ರಜೆಯ ಮೇಲೆ ತೆರಳಿದಲ್ಲಿ, ಮರಳುವ ತನಕ ತಾತ್ಕಾಲಿಕ ಬದಲಿಯನ್ನು ತಾವೇ ಸೂಚಿಸಬಹುದು. ಬದಲಿಗೆ ಪರೀಕ್ಷೆ ಇಲ್ಲ. ಮರಳುವ ದಿನಾಂಕದ ಕಾಲಂ ಇರಲಿಲ್ಲ. ನಾನು ಕಚೇರಿಗಳಲ್ಲಿ ಗೋಡೆಗೆ ಸುಣ್ಣ ಹೊಡೆದಿದ್ದೇನೆ. ತಾತ್ಕಾಲಿಕ ಎಂದು ಬಂದವರೇ ಅಲ್ಲಿ ಪಿಂಚಣಿ ತನಕ ಕೂತದ್ದನ್ನು ಕಂಡಿದ್ದೇನೆ.

ಶಂಕರನಾರಾಯಣ ಅವರು ನಾನು ಕೊಟ್ಟ ರಜೆ ಅರ್ಜಿ ಓದಿದರು. "ರಜೆಗೆ ಕಾರಣ?"

"ಹೋಗಬೇಕು ಅನ್ನಿಸ್ತಿದೆ ಸಾರ್."

"ಅದು ಕಾರಣ ಅಲ್ಲವಯ್ಯ. ಅದಕ್ಕೆ ಕಾರಣ ಹೇಳು."

ನಿಖಿತಾ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಅಪ್ಪಾ, ಒಂದೊಂದು ಸೀಸನ್ ಕೊನೇಲೂ ಒಬ್ಬ ಊರು ಬಿಟ್ಟು ಹೋಗ್ತಾನಲ್ಲ ಪಾ. ಎಲ್ಲರೂ ನಿಂತು ಕೈ ಬೀಸ್ತಾರೆ. ಅದೇ ಬೆಸ್ಟ್ ಎಪಿಸೋಡ್."

ಕಾರ್ಯದರ್ಶಿಗಳು ಯೋಚಿಸಿ, ಕಾರಣದ ಜಾಗದಲ್ಲಿ "ಸೀಸನ್ ಮುಕ್ತಾಯ" ಎಂದು ಬರೆದು ಸಹಿ ಹಾಕಿದರು. ಕಮಲಾಕರ ಅವರು ಓದದೆಯೇ ಸಹಿ ಹಾಕಿದರು. ಅವರು ಆದಷ್ಟೂ ಬೇಗ ಹಾಕಿದರು.

ಬದಲಿ ಬಂದವರು ಮೂಲ ವ್ಯಕ್ತಿಯ ಹೆಸರಿನಲ್ಲೇ ಕೆಲಸ ಮಾಡತಕ್ಕದ್ದು ಎಂಬುದು ನಿಯಮವಾದ್ದರಿಂದ ಫಲಕ ಬದಲಾಗಲಿಲ್ಲ. ಕಲಾವತಮ್ಮ ಉಣ್ಣೆಯ ಟೋಪಿ ಹಾಕಿ ಒಳಗೆ ನಿಂತರು. ನಿವಾಸಿಗಳು "ಏನು ಚಳಿ ರಘುರಾಮ" ಅಂದರು. "ಹೌದು, ಕೂತ್ಕೊಳ್ಳಿ," ಅಂದರು ಕಲಾವತಮ್ಮ, ಅವರವರ ತಟ್ಟೆ ಅವರವರ ಮುಂದಿಟ್ಟರು. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ಹೆಸರು ಗೊತ್ತಿರಲೇಬೇಕು, ಈಗ ಗೊತ್ತಿದೆ. ಯಾರೂ ಇದರಲ್ಲಿ ವಿಶೇಷ ಕಾಣಲಿಲ್ಲ. ಕೈ ಬೀಸುವ ಕಾರ್ಯಕ್ರಮದ ಅಭ್ಯಾಸ ಎರಡು ದಿನ ಗೇಟಿನಲ್ಲಿ ನಡೆಯಿತು.

ಮೂರನೆಯ ದಿನ ಬೆಳಿಗ್ಗೆ ನಾನು ಪಂಪ್ ರೂಮಿನಲ್ಲಿ ಎರಡು ಅಂಗಿ, ಟವೆಲ್ಲು, ಸ್ಕ್ರೂಡ್ರೈವರು ಚೀಲಕ್ಕೆ ತುಂಬುತ್ತಿದ್ದೆ. ಕಲಾವತಮ್ಮ ಟೋಪಿಯಲ್ಲೇ ಬಂದು ಒಂದು ಇಡ್ಲಿ ಪೊಟ್ಟಣ ಇಟ್ಟರು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಎಲ್ಲಿಗೆ?"

"ಮಣಲಿ ರಿಫೈನರಿ ಹತ್ರ ಹೋದ್ರೆ ಟ್ಯಾಂಕರ್ ಲಾರಿ ಸಿಗುತ್ತೆ. ಅಲ್ಲಿಂದ ಗೊತ್ತಿಲ್ಲ."

"ಸರಿ ಹೋಗು. ನಿನ್ನ ಹೆಸರು ನನ್ನ ಹತ್ರ ಇದೆ, ನಂಗೆ ಬೇಕಾಗುತ್ತೆ. ಹೋದ ಊರಲ್ಲಿ ಬೇರೆ ಯಾವ್ದಾದ್ರೂ ಇಟ್ಕೋ."

ನಾನು ಆಗಲಿ ಎಂದು ಪೊಟ್ಟಣವನ್ನು ಅಂಗಿಗಳ ನಡುವೆ ಇಟ್ಟು, ಚೀಲದ ಜಿಪ್ಪು ಎಳೆದೆ.