ದೊಡ್ಡವ್ವನ ಕಿವಿಗೆ ಒಪ್ಪಿದ ಮೋಟರು

ಮೋಟರು ಕೊಳ್ಳಲು ಹೋದವರು ಸಾಮಾನ್ಯವಾಗಿ ಏನು ಕೇಳುತ್ತಾರೆ? ನೀರು ಎಷ್ಟು ಜೋರಾಗಿ ನೂಕುತ್ತದೆ, ಕರೆಂಟು ಎಷ್ಟು ತಿನ್ನುತ್ತದೆ, ಕೆಟ್ಟರೆ ಯಾರು ಬಂದು ನೋಡುತ್ತಾರೆ. ಇಷ್ಟೇ ತಾನೆ? "ಇದು ಹೆಂಗ ನರಳತೈತಿ, ಒಮ್ಮಿ ನರಳಿಸಿ ತೋರಸ್ರಿ" ಎಂದು ಅಂಗಡಿಯವನನ್ನು ಕೇಳುವವರನ್ನು ಎಲ್ಲಾದರೂ ಕಂಡಿದ್ದೀರಾ ಮಕ್ಕಳೇ? ಕಂಡಿದ್ದೀರಿ! ಅವರ ಕೈಯಿಂದ ಶೇಂಗಾ ಉಂಡೆಯನ್ನೂ ತಿಂದಿದ್ದೀರಿ. ನೀವು ದೊಡ್ಡವ್ವ ಎಂದು, ನಿಮ್ಮ ಅಜ್ಜಿಯಾದ ನಾನು ಅಕ್ಕ ಎಂದು ಕರೆಯುವ, ನಿಮ್ಮ ತಾತನ ಅಕ್ಕ. ಈಗ ಕಟ್ಟೆಯ ಮೇಲೆ ಕೂತಿದ್ದಾರೆ. ನಾನು ತಮ್ಮ ಬಗ್ಗೆಯೇ ಬರೆಯುತ್ತಿದ್ದೇನೆಂದು ಅವರಿಗೆ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಎಂದು ನನ್ನನ್ನು ಕೇಳಬೇಡಿ!

ನಾರಾಯಣಪೇಟೆಯ ನಮ್ಮ ನೇಕಾರರ ಓಣಿಗೆ ಶವರ್ ಬಂದದ್ದೇ ಅವರ ಭುಜದಿಂದ. ಮಗ್ಗದ ಕುಣಿಯಲ್ಲಿ ಕೂತು ಲಾಳಿ ಎಸೆದೆಸೆದು ದಣಿದ ಭುಜ ಒಂದು ದಿನ ಹಟ ಹಿಡಿಯಿತು. ತಂಬಿಗೆಯನ್ನು ತಲೆಯ ತನಕ ಎತ್ತಲಾಗದು. ನಾನು ನೀರು ಹಾಕುತ್ತೇನೆ ಎಂದರೆ, "ನಾ ಏನು ಎಮ್ಮಿ ಏನವಾ, ನೀ ಮೈ ತೊಳಿಯಾಕ?" ಎಂದು ಗದರಿದರು. ನಿಮ್ಮ ತಾತ ಶವರ್ ಹಾಕಿಸಿದರು. ನಮ್ಮ ಟ್ಯಾಂಕು ಕೂತಿರುವುದು ತಗ್ಗಿನ ಮಾಳಿಗೆಯ ಮೇಲೆ. ಶವರಿನಿಂದ ನೀರು ಅತ್ತಂತೆ ತೊಟ್ಟಿಕ್ಕಿತು. ಅದಕ್ಕೆಂದು ಬಚ್ಚಲಿನ ಗೋಡೆಯಾಚೆ, ಹಿತ್ತಲಲ್ಲಿ, ಒಂದು ಸಣ್ಣ ಮೋಟರು ಕೂರಿಸಿದರು. ನಳ ತಿರುಗಿಸಿದರೆ ತಾನೇ ಎಚ್ಚರಾಗಿ ನೀರನ್ನು ನೂಕುವ ಮೋಟರು.

ಅದು "ಹ್ಞೂಂ…" ಎನ್ನುತ್ತಿತ್ತು. ನಿಮ್ಮ ತಾತನೂ ಮಗ್ಗದಲ್ಲಿ ಕೂತಾಗ ಬಾಯಿ ಮುಚ್ಚಿಕೊಂಡೇ "ಹ್ಞೂಂ…" ಎಂದು ಒಂದೇ ದನಿ ಎಳೆಯುತ್ತಿದ್ದರು. ಹಾಡೂ ಅಲ್ಲ, ನರಳಾಟವೂ ಅಲ್ಲ. ಎರಡೂ ಒಂದೇ ದನಿ ಎಂದು ಆಗ ನಮಗೆ ಹೊಳೆದಿರಲಿಲ್ಲ.

ತಾತನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅದು ಹೊಳೆಯಿತು. ಮನೆ ತುಂಬ ಜನ, ಸ್ನಾನಕ್ಕೆ ಸಾಲು. ನಾನು ಅಡುಗೆಮನೆಯ ಮೂಲೆಯಲ್ಲಿ ತಲೆ ಬಗ್ಗಿಸಿ ಕೂತಿದ್ದೆ. ಯಾರೋ ನಳ ತಿರುಗಿಸಿದರು. "ಹ್ಞೂಂ…" ಥಟ್ಟನೆ ತಲೆ ಎತ್ತಿದೆ. ಎದುರಿಗಿದ್ದ ದೊಡ್ಡವ್ವ ನನ್ನ ಮುಖವನ್ನೇ ನೋಡಿ, "ಬಂದಾನಲ್ಲವಾ, ಯಾಕ ಅಳತಿ?" ಎಂದರು. ಸಾಲಿನಲ್ಲಿದ್ದವರಲ್ಲಿ ಅರ್ಧ ಜನ ಸ್ನಾನ ಮಾಡದೆಯೇ ಮನೆಗೆ ಹೋದರು!

ಆಮೇಲೆ ಶುರುವಾಯಿತು ನೋಡಿ. ಬಚ್ಚಲು ಖಾಲಿ. ಬಾಗಿಲಿಗೆ ಚಿಲಕ. ನೆಲ ಒಣಗಿದೆ. ಮಧ್ಯಾಹ್ನ ಚಹಾದ ಹೊತ್ತಿಗೆ ಗೋಡೆಯಾಚೆ "ಹ್ಞೂಂ…" ಎರಡು ಉಸಿರಿನಷ್ಟು ಹೊತ್ತು, ಮತ್ತೆ ಮೌನ! ಓಣಿಯ ಫಿಟ್ಟರು ಬಂದು, "ನಳ ಎಲ್ಲೋ ಸೋರತೈತ್ರಿ. ಪೈಪಿನಾಗ ನೀರು ಕಡಿಮಿ ಆದ್ರ ಮೋಟರು ತಾನ ಏಳತೈತಿ" ಎಂದ. ದೊಡ್ಡವ್ವ ಅವನಿಂದ ಅದನ್ನು ಎರಡು ಸಲ ಹೇಳಿಸಿದರು. ಯಾರೇ ಏನೇ ಹೇಳಲಿ, ಎರಡು ಸಲ ಹೇಳಿಸದೆ ಬಿಡುವವರಲ್ಲ, ಅದೊಂದು ದರ್ಬಾರು. ಕೇಳಿ ಮುಗಿದ ಮೇಲೆ, "ಸೋರೋದು ಇಡೀ ದಿನ ಸೋರತೈತಿ. ಚಾದ ಹೊತ್ತಿಗೇ ಯಾಕ ಏಳತೈತಿ?" ಎಂದರು. ಫಿಟ್ಟರು ಸಾಮಾನು ಕಟ್ಟಿಕೊಂಡ.

ಅಂದಿನಿಂದ ಬಚ್ಚಲಿನ ಬಾಗಿಲ ಮುಂದೆ ತಾತನಿಗೆ ಒಂದು ಕಪ್ ಚಹಾ ಇಡಬೇಕೆಂದು ಅಪ್ಪಣೆಯಾಯಿತು. ನಾನು ಯಾವತ್ತಾದರೂ ಎದುರಾಡಿದವಳೇ? ಇಟ್ಟೆ. ಹೊರಳಿ ಬಂದು ನೋಡಿದರೆ ಕಪ್ಪು ಖಾಲಿ! ದಿನಾಲೂ ಖಾಲಿ! ಕೊನೆಗೊಂದು ದಿನ ಕದದ ಸಂದಿಯಿಂದ ಇಣುಕಿದೆ. ದೊಡ್ಡವ್ವ ನೆಮ್ಮದಿಯಾಗಿ ಕೂತು ಹೀರುತ್ತಿದ್ದರು.

"ಅಕ್ಕಾ, ಇದು ಅವರಿಗಿಟ್ಟದ್ದಲ್ಲೇನ್ರಿ?"

"ಅವ ವಾಸನಿ ತಗೊಂಡು ಬಿಟ್ಟಾನ. ಉಳಿದದ್ದು ಚೆಲ್ಲಬೇಕೇನು, ಇಷ್ಟು ಸಕ್ಕರಿ ಹಾಕಿ?"

ನಿಮ್ಮಲ್ಲೇ ಒಬ್ಬಳು, ಯಾರೆಂದು ಹೇಳುವುದಿಲ್ಲ, ಕೇಳಿದ್ದಳು: "ದೊಡ್ಡವ್ವಾ, ನಿಮ್ಮ ತಮ್ಮ ಅಲ್ಲೇ ಇದ್ರ ಸ್ನಾನ ಮಾಡಾಕ ನಾಚಿಕಿ ಆಗಂಗಿಲ್ಲೇನು?"

"ಅವ ಗ್ವಾಡಿ ಆ ಕಡಿ ಇರತಾನ. ನಿಮ್ಮ ತಾತಗ ಅಷ್ಟು ಮರ್ಯಾದಿ ಅವ ಸಣ್ಣಾಂವ ಇದ್ದಾಗೇ ನಾ ಕಲಿಸೀನಿ!"

ಹೀಗಿರುವಾಗ ಒಂದು ದಿನ ಮೋಟರು ಸುಟ್ಟಿತು. ಕೂದಲು ಸುಟ್ಟಂಥ ವಾಸನೆ, ಒಂದು ಕೆಮ್ಮು, ಅಷ್ಟೇ. ಮನೆ ಎಷ್ಟು ಸುಮ್ಮನಾಯಿತೆಂದರೆ, ಹಲ್ಲಿ ಗೋಡೆಯ ಮೇಲೆ ನಡೆಯುವುದೂ ನನಗೆ ಕೇಳಿಸತೊಡಗಿತು. ಚಹಾದ ಹೊತ್ತಿಗೆ ನಾನು ಒಲೆಯ ಮುಂದೆ ನಿಂತೇ ಇರುತ್ತಿದ್ದೆ, ಹಾಲು ಉಕ್ಕಿ ಹೋಗುತ್ತಿತ್ತು. ದೊಡ್ಡವ್ವ ಸಾರಿಬಿಟ್ಟರು: "ಅದೇ ದನಿ ಮೋಟರು ಬರೋತನ ನಾ ಶವರಿನ ಕೆಳಗ ನಿಂದ್ರಂಗಿಲ್ಲ. ಒದ್ದಿ ಅರಿವಿಲೆ ಮೈ ಒರಸ್ಕೋತೀನಿ." ಎಪ್ಪತ್ತು ದಾಟಿದ ಜೀವ ಶವರಿನ ಸುಖ ಬಿಟ್ಟು ಒದ್ದೆ ಬಟ್ಟೆಯಲ್ಲಿ ನಡುಗುವುದನ್ನು ನೋಡಲಾಗದೆ ಮೋಟರು ಹುಡುಕಲು ಹೊರಟೆ, ಅವರನ್ನೂ ಕರೆದುಕೊಂಡು.

ನಮ್ಮೂರಿನ ಅಂಗಡಿಯವನು ಹೊಳೆಯುವ ಮೋಟರೊಂದನ್ನು ತೋರಿಸಿ, "ಇದು ಸೈಲೆಂಟ್ ಅಮ್ಮಾ. ಸಪ್ಪಳಾನೇ ಇಲ್ಲ" ಎಂದು ಎದೆಯುಬ್ಬಿಸಿದ. ಎರಡನೆಯ ಸಲವೂ ಹೇಳಿದ.

"ಸಪ್ಪಳಿಲ್ಲದ್ದು ಸತ್ತದ್ದು. ಸತ್ತದ್ದನ್ನ ಹೊಸಾದು ಅಂತ ಮಾರಾಕ ಕೂತೀಯೇನಪಾ?"

ಪಕ್ಕದ ಊರು ಮಕ್ತಲಿನಲ್ಲಿ ಬಕೆಟ್ಟಿನ ನೀರಿನಲ್ಲಿ ಒಂದೊಂದೇ ಮೋಟರು ಓಡಿಸಿ ತೋರಿಸಿದರು. ದೊಡ್ಡವ್ವ ಪ್ರತಿಯೊಂದಕ್ಕೂ ಕಿವಿ ಆನಿಸಿದರು. ಕಿವಿ ಮೋಟರಿನ ಮೇಲೆ, ಕಣ್ಣು ಮಾತ್ರ ನನ್ನ ಮೇಲೆ. ನಾನೇನು ಮೋಟರೇ? ನಾಚಿಕೆಯಾಗಿ ಸೆರಗು ಎಳೆದುಕೊಂಡೆ. "ಇದು ಹೆಣಮಗಳು, ಪಾಪ, ಅತ್ತಿ ಕಾಟ." "ಇವ ನಾರ್ವ ಊರ ಕಡ್ಯಾಂವ, ಎರಡು ಮದಿವ್ಯಾಗ್ಯಾನ." ಹೀಗೆ ಒಂದೊಂದು ಮೋಟರಿನ ಗುರುತು ಹೇಳಿದರು. ಗಿರಾಕಿಗಳು ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿದರು. ದಪ್ಪ ಮೀಸೆಯ ಅಂಗಡಿಯವನು ಮಾತ್ರ ಹತ್ತಿರ ಬಂದು, ಸುತ್ತ ನೋಡಿ, ದನಿ ತಗ್ಗಿಸಿ ಏನೋ ಕೇಳಿದ. ದೊಡ್ಡವ್ವ "ಆಂ?" ಎಂದರು. ಪಾಪ, ಎಲ್ಲರಿಗೂ ಕೇಳುವಂತೆ ಕೂಗಬೇಕಾಯಿತು: "ಇವುಗಳಾಗ ನಮ್ಮಪ್ಪ ಅದಾನೇನ್ರಿ ಅವ್ವಾ?"

ದೊಡ್ಡವ್ವ ಸಾಲಾಗಿ ಕೂತ ಮೋಟರುಗಳನ್ನೆಲ್ಲ ನೋಡಿದರು. "ಇಲ್ಲಪಾ. ನಿಮ್ಮಪ್ಪ ಹಿಂಗ ಒಂದ ಕಡಿ ಕುಂದ್ರಾಂವಲ್ಲ."

ಅವನ ಬಣ್ಣ ಇಳಿಯಿತು. "ಖರೇ ಅವ್ವಾ… ಊರೂರು ತಿರಗತಿದ್ದ. ನಿಮಗ ಹೆಂಗ ಗೊತ್ತು?" ಬಸ್ಸಿನಲ್ಲಿ ನಾನೂ ಅದನ್ನೇ ಕೇಳಿದೆ. ದೊಡ್ಡವ್ವ ಕಿಟಕಿಯಾಚೆ ನೋಡುತ್ತಲೇ ಇದ್ದರು.

ಗದ್ವಾಲದಲ್ಲಿ ಕೊನೆಗೆ ನಾನೇ ಬಾಯಿ ಬಿಟ್ಟೆ. ಅಂಗಡಿಯವನು ಟ್ಯಾಂಕಿನ ಎತ್ತರ ಕೇಳಿದ, ಶವರು ಒಂದೋ ಎರಡೋ ಎಂದ, ಪೈಪಿನ ಅಳತೆ ಕೇಳಿದ. ಎಲ್ಲಕ್ಕೂ ನೆಲ ನೋಡುತ್ತ ಉತ್ತರ ಹೇಳಿದೆ. "ಟ್ಯಾಂಕು ತಗ್ಗಿನಾಗಿದ್ರ ಸಣ್ಣ ಧಾರಿಗೂ ಏಳೋ ಮೋಟರು ಬೇಕ್ರಿ. ದೊಡ್ಡದು ತಗೊಂಡ್ರ ಪೈಪು ಒಡಿತೈತಿ" ಎಂದು ಪುಟ್ಟದೊಂದನ್ನು ಕೊಟ್ಟ. ಸರಿಯಾದ ಆಯ್ಕೆಯೇ. ಆದರೆ ಅದಕ್ಕೂ ದನಿಯಿಲ್ಲ! ದೊಡ್ಡವ್ವ ಅದನ್ನು ನೋಡಿದ್ದೇ ತಲೆಯ ಮೇಲೆ ಸೆರಗು ಹೊದ್ದುಕೊಂಡರು. ಮನೆ ಮುಟ್ಟುವ ತನಕ ತೆಗೆಯಲಿಲ್ಲ.

"ಯಾಕ್ರಿ ಅಕ್ಕಾ?"

"ಗುರುತಿಲ್ಲದ ಗಂಡಸು. ಬಚ್ಚಲದಾಗ ಇಟಗೊಳ್ಳಾಕ ಹೊಂಟಿ ನೀ!"

ಫಿಟ್ಟರು ಹಳೆಯದನ್ನು ಕಿತ್ತು, ಹೊಸ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೋಟರು ಕೂರಿಸಿದ. ಸೋರುವ ನಳವನ್ನೂ ಬಿಗಿ ಮಾಡಿದ. ಶವರಿನಿಂದ ನೀರು ಸುರಿಯಿತು, ಬೆನ್ನು ಸವರುವಂಥ ನೀರು. ಗೋಡೆಯಾಚೆ ಮಾತ್ರ ಸ್ಮಶಾನ. ದೊಡ್ಡವ್ವ ನನ್ನ ಮುಖ ನೋಡಿದರು, ಒದ್ದೆ ಬಟ್ಟೆ ಕೇಳಿದರು.

ಮರುದಿನ ಹಿತ್ತಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ತಂಗೀ, ಹಳೇ ಎಳಿ ಎಲ್ಲೈತಿ?"

ನಿಮಗೆ ಗೊತ್ತಿರಲಿಕ್ಕಿಲ್ಲ ಮಕ್ಕಳೇ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದರೆ ಅದರ ತುದಿಯ ಎಳೆಗಳನ್ನು ಕಿತ್ತು ಬಿಸಾಡುವುದಿಲ್ಲ. ಹಾಗೇ ಬಿಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದು ಹೊಸ ಎಳೆಯನ್ನೂ ಒಂದೊಂದು ಹಳೆ ಎಳೆಗೆ ಹೊಸೆದು ಕೂಡಿಸುತ್ತೇವೆ. ಹಳೆಯದು ಎಳೆದುಕೊಂಡು ಹೋದರೇನೇ ಹೊಸದು ದಾರಿ ಹಿಡಿಯುವುದು. ಮೋಟರಿಗೆ ಎಂಥ ಎಳೆ? ಆದರೂ ಹುಡುಕಿದೆ. ಹಳೆಯ ಮೋಟರಿನ ಕೆಳಗೆ ನಿಮ್ಮ ತಾತ ಒಂದು ಮರದ ತುಂಡು ಇಟ್ಟಿದ್ದರು, ತಮ್ಮ ಹಳೆ ಮಗ್ಗದಲ್ಲಿ ಸೀರೆ ಸುತ್ತುತ್ತಿದ್ದ ದಿಂಡಿನದು. ಫಿಟ್ಟರು ಅದನ್ನು ಸೌದೆಯ ರಾಶಿಗೆ ಎಸೆದಿದ್ದ. ಬೆಳಿಗ್ಗೆ ನೀರೊಲೆಗೆ ಹಾಕಲೆಂದು ನಾನೇ ಕೈಯಲ್ಲಿ ಹಿಡಿದು, ಹಸಿಯಿದೆ ಎಂದು ಬಿಟ್ಟಿದ್ದೆ!

ಫಿಟ್ಟರನ್ನು ಮತ್ತೆ ಕರೆಸಿದೆ. ಅವನು ಗೊಣಗುತ್ತ ಸ್ಟ್ಯಾಂಡು ತೆಗೆದು ಮರದ ತುಂಡಿನ ಮೇಲೆ ಮೋಟರು ಕೂರಿಸಿದ. ದೊಡ್ಡವ್ವ ನಮಗೆ ಬೆನ್ನು ಹಾಕಿ, ಹಿತ್ತಲ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಅವನು ನಳ ಬಿಟ್ಟ.

"ಹ್ಞೂಂ…"

ಅದೇ ದನಿ. ಅದೇ ಬಾಯಿ ಮುಚ್ಚಿದ ದನಿ! "ಕಟ್ಟಿಗಿ ಒಳಗ ಟೊಳ್ಳು ಐತ್ರಿ, ಅದಕ್ಕ ಗುಂಯ್ ಅಂತೈತಿ" ಎಂದ ಫಿಟ್ಟರು. ಇರಬಹುದು. ನಾನು ನೋಡುತ್ತಿದ್ದದ್ದು ಬೇರೆ. ಹಿತ್ತಲೆಲ್ಲ ಆ ದನಿ ತುಂಬಿದೆ, ದೊಡ್ಡವ್ವ ತಿರುಗಿ ನೋಡಲಿಲ್ಲ. ಬೆನ್ನು ಅಲುಗಲಿಲ್ಲ. ನಾನು ಹೋಗಿ ಎದುರಿಗೆ ನಿಂತೆ. ನನ್ನ ಮುಖ ಕಂಡಿದ್ದೇ ತಡ, ಅವರ ಮುಖ ಅರಳಿತು. ಎದ್ದು ನನ್ನ ತೋಳು ಹಿಡಿದು ಕೇಳಿದರು:

"ಬಂದನೇನು?"

ಆ ದನಿ ಅವರಿಗೆ ಕೇಳಿಸುವುದೇ ಇಲ್ಲ ಮಕ್ಕಳೇ. ಯಾವತ್ತಿನಿಂದ ಕೇಳಿಸುತ್ತಿಲ್ಲವೋ! ತಾತ ಹೋದ ಮಧ್ಯಾಹ್ನ ಅವರು ಕಂಡದ್ದು ನಾನು ತಲೆ ಎತ್ತಿದ್ದನ್ನು, ಅಷ್ಟೇ.

ಅಂದು ಅವರು ಶವರಿನ ಕೆಳಗೆ ಬಹಳ ಹೊತ್ತು ನಿಂತರು. ನಾನು ಏನೂ ಕೇಳಲಿಲ್ಲ. ಕೇಳುವುದಾದರೂ ಹೇಗೆ? ನನಗೆ ಜೋರಾಗಿ ಮಾತಾಡಿ ರೂಢಿಯಿಲ್ಲ.

ನಳ ಈಗ ಸೋರುವುದಿಲ್ಲ. ಮೋಟರು ತಾನಾಗಿ ಏಳುವ ಕಾರಣವೇ ಇಲ್ಲ. ಆದರೂ ನಿನ್ನೆ ಚಹಾದ ಹೊತ್ತಿಗೆ ಗೋಡೆಯಾಚೆ "ಹ್ಞೂಂ…" ಎಂದಿತು. ಹೋಗಿ ನೋಡಿದೆ: ಬಚ್ಚಲಲ್ಲಿ ಯಾರೂ ಇಲ್ಲ, ನಳ ನಿಂತಿದೆ. ಬಚ್ಚಲಿನ ಬಾಗಿಲಿನಿಂದ ಕಟ್ಟೆಯ ತನಕ ಮಾತ್ರ ಒದ್ದೆ ಹೆಜ್ಜೆಗಳು. ಕಟ್ಟೆಯ ಮೇಲೆ ದೊಡ್ಡವ್ವ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡು, ಏನೂ ತಿಳಿಯದವರಂತೆ ಕೂತಿದ್ದರು. ಕಣ್ಣು ಮಾತ್ರ ನನ್ನ ಮೇಲೆ.

"ಏನವಾ, ಬಂದನೇನು?"

"ಬಂದಾರ್ರೀ ಅಕ್ಕಾ" ಎಂದೆ. ಅವರಿಗೆ ಕೇಳುವಷ್ಟು ಜೋರಾಗಿ.

ಮತ್ತೆ ಒಳಗೆ ಹೋಗಿ ಮೂರು ಕಪ್ ಚಹಾಕ್ಕೆ ನೀರಿಟ್ಟೆ.