ಚಕ್ಕುಲಿ ಮತ್ತು ವರ್ಚುವಲ್ ಡಿಸ್ಕ್

"ಆಯ್ತು" ಎಂದವರೆಲ್ಲ ಕೆಲಸ ಮುಗಿಸಿರುತ್ತಾರೆ ಎಂದು ನಂಬಿಬಿಡುವ ಸ್ವಭಾವ ನನ್ನದು. ಕಂಪ್ಯೂಟರ್ ಹೇಳಿದರಂತೂ ಎರಡು ಮಾತಿಲ್ಲ. ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ಕೂತು ನಾನು ಬರೆಯುವುದು ಫರ್ಮ್‌ವೇರ್, ಅಂದರೆ ಕಂಪ್ಯೂಟರ್ ಪೂರ್ತಿ ಕಣ್ಣುಬಿಡುವ ಮೊದಲೇ ಓಡಬೇಕಾದ ಪುಟ್ಟ ಪ್ರೋಗ್ರಾಮುಗಳು. ನಿಜವಾದ ಯಂತ್ರವನ್ನು ಕೆಡಿಸುವ ಬದಲು ಅವನ್ನು ಎಮ್ಯುಲೇಟರ್ ಎಂಬ ನಟನೆಯ ಯಂತ್ರದಲ್ಲಿ ಓಡಿಸಿ ನೋಡುತ್ತೇವೆ. ಅದಕ್ಕೊಂದು ನಟನೆಯ ಡಿಸ್ಕೂ ಬೇಕು. ನೋಡಿದರೆ ಬರೀ ಒಂದು ಫೈಲು, ಗತ್ತು ಮಾತ್ರ ಅಸಲಿ ಡಿಸ್ಕಿನದು. ಇದನ್ನೆಲ್ಲ ಹೆಂಡತಿ ಸುಮಾಗೆ ವಿವರಿಸಿದಾಗ, "ಇದಕ್ಕೆ ಸಂಬಳಾನೂ ಕೊಡ್ತಾರಾ?" ಎಂದಿದ್ದಳು.

ಸುಮಾಗೂ ಮಹಡಿ ಮೇಲಿನ ಓನರ್ ಪದ್ಮಮ್ಮನವರಿಗೂ ತಾರಸಿಯ ಬಟ್ಟೆ ಹಗ್ಗದ ವಿಚಾರವಾಗಿ ಮಾತು ನಿಂತುಹೋಗಿತ್ತು. ಕೊನೆಗೆ ಅವರೇ ಮನಸ್ಸು ಕರಗಿ, ತಮ್ಮ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯಲ್ಲಿ ಹೆಸರುಬೇಳೆ ಪಾಯಸ ಕಳಿಸಿದ್ದರು. ಮರುದಿನ ಸುಮಾ ಕೆಲಸಕ್ಕೆ ಹೊರಡುವಾಗ ಹೇಳಿದಳು: "ಡಬ್ಬಿ ಕೊಟ್ಟುಬನ್ನಿ. ಖಾಲಿ ಮಾತ್ರ ಕೊಡ್ಬೇಡಿ ರೀ, ಇವ್ಳಿಗಿನ್ನೂ ಕೋಪ ಹೋಗಿಲ್ಲ ಅಂದ್ಕೋತಾರೆ. ಚಕ್ಕುಲಿ ತುಂಬ್ಸಿ ಕೊಡಿ."

"ಆಯ್ತು" ಎಂದೆ.

ಅವಳು ಹೋದ ತಕ್ಷಣ, ಕೈಗೆ ಸಿಕ್ಕ ಡಬ್ಬಿಗೆ ಚಕ್ಕುಲಿ ತುಂಬಿಸಿಯೂಬಿಟ್ಟೆ. ಆಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಮಧ್ಯಾಹ್ನ ಮ್ಯಾನೇಜರಿಗೆ ನನ್ನ ಪ್ರೋಗ್ರಾಮ್ ಓಡಿಸಿ ತೋರಿಸಬೇಕಿತ್ತು. ಅದನ್ನು ಡಿಸ್ಕಿಗೆ ಹಾಕು ಎಂದೆ. ಕಂಪ್ಯೂಟರ್ "ಆಯ್ತು" ಎಂದಿತು. ಎಮ್ಯುಲೇಟರ್ ತೆರೆದರೆ ಡಿಸ್ಕ್ ಖಾಲಿ. ಮತ್ತೆ ಹಾಕಿದೆ, ಮತ್ತೆ ಖಾಲಿ. ಡಿಸ್ಕನ್ನೇ ಅಳಿಸಿ ಹೊಸದು ಮಾಡಿದೆ, ದೊಡ್ಡದು ಮಾಡಿದೆ, ಬೈದೆ. ತಲೆ ಓಡದಿದ್ದಾಗ ಬಾಯಿಗೆ ಏನಾದರೂ ಕೆಲಸ ಬೇಕು, ಹಾಗಾಗಿ ಪಕ್ಕದಲ್ಲಿದ್ದ ಡಬ್ಬಿಯಿಂದ ಒಂದೊಂದೇ ಚಕ್ಕುಲಿ ಮುರಿಯುತ್ತಾ ಹುಡುಕಿದೆ. ಕೊನೆಗೂ ಸಿಕ್ಕಿತು. ಡಿಸ್ಕನ್ನು ಮೊದಲು ಒಂದು ಫೋಲ್ಡರಿಗೆ ಜೋಡಿಸಬೇಕು, ಆಮೇಲೆ ಅದರೊಳಗೆ ಹಾಕಬೇಕು. ಜೋಡಣೆ ಸದ್ದಿಲ್ಲದೆ ಕೈಕೊಟ್ಟಿತ್ತು. ಫೋಲ್ಡರಿನ ಮೇಲೆ 'ಡಿಸ್ಕ್' ಎಂಬ ಹೆಸರಿತ್ತು, ನಾನು ಹೆಸರು ನೋಡಿ ನಂಬಿದ್ದೆ. ಪ್ರೋಗ್ರಾಮ್ ಆ ಬರೀ ಫೋಲ್ಡರಿನಲ್ಲಿ ಆರಾಮಾಗಿ ಮಲಗಿತ್ತು, ಡಿಸ್ಕ್ ಉಪವಾಸವಿತ್ತು.

ಸರಿಪಡಿಸಿದೆ, ಓಡಿತು, ಮ್ಯಾನೇಜರ್ ತಲೆಯಾಡಿಸಿದರು. ಆ ಸಂಭ್ರಮದಲ್ಲೇ 'ಪದ್ಮಮ್ಮ' ಎಂದು ಕೊರೆದಿದ್ದ ಡಬ್ಬಿಯನ್ನು ಹುಡುಕಿ, ಎರಡೆರಡು ಮೆಟ್ಟಿಲು ಹಾರಿ ಹೋಗಿ ಕೊಟ್ಟುಬಂದೆ.

ಸಂಜೆ ಸುಮಾ ಇನ್ನೂ ಗೇಟು ದಾಟಿರಲಿಲ್ಲ, ಮೇಲಿನಿಂದ ಪದ್ಮಮ್ಮನವರ ದನಿ ಕೇಳಿತು. "ಬಾಮ್ಮಾ ಇಲ್ಲಿ! ನಿಮ್ಮನೆಯವ್ರು ಖಾಲಿ ಡಬ್ಬೀನ ಎರಡೂ ಕೈಲಿ ಹಿಡ್ದು, 'ಸುಮಾನೇ ಮಾಡಿದ್ದು, ತಿಂದು ನೋಡಿ' ಅಂದ್ರು ಕಣೇ!"

ತಿರುಗಿ ನೋಡಿದೆ. ಮೇಜಿನ ಮೇಲೆ ನಮ್ಮದೇ ಡಬ್ಬಿ, ತಳದಲ್ಲಿ ಚಕ್ಕುಲಿಯ ಚೂರು. ಬೆಳಿಗ್ಗೆ ನಾನು ತುಂಬಿಸಿದ್ದು ಇದಕ್ಕೇ. ಸುಮಾ ಮೆಟ್ಟಿಲು ಹತ್ತಿ ಹೋದಳು, ಇನ್ನು ಜಗಳ ಶುರುವಾಗುತ್ತದೆಂದು ಕಿವಿಗೊಟ್ಟರೆ ಕೇಳಿಸಿದ್ದು ನಗು. ಇಬ್ಬರೂ ಬಿಡದೆ ನಗುತ್ತಿದ್ದರು. ತಿಂಗಳುಗಟ್ಟಲೆ ಕೇಳದಿದ್ದ ಆ ನಗು ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು, ಅವರು ನಗುತ್ತಿದ್ದದ್ದು ನನ್ನನ್ನು ನೆನೆದೇ ಆದರೂ.

ಬಟ್ಟೆ ಹಗ್ಗದ ಮಾತು ಆಮೇಲೆ ಏಳಲಿಲ್ಲ. ಅವರಿಬ್ಬರಿಗೂ ಈಗ ಮಾತಾಡಲು ನಾನಿದ್ದೇನೆ. ಡಬ್ಬಿಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತಲೇ ಇವೆ, ಹೊತ್ತುಕೊಂಡು ಹೋಗುವವನೂ ನಾನೇ. ಆದರೆ ನಾನು "ಆಯ್ತು" ಎಂದ ಕೂಡಲೇ ಸುಮಾ ಬಂದು ಮುಚ್ಚಳ ತೆಗೆದು ನೋಡುತ್ತಾಳೆ.